ರೋಗಿ ಯಾಕೆ ಅಲೆಯಬೇಕು? ವೈದ್ಯರ ಕಣ್ಣೇ ಬರಲಿ!



ಮೈಯಲ್ಲಿ ಒಂದು ಗಂಟು ಕಾಣಿಸಿಕೊಂಡಿತೆಂದರೆ ಇಡೀ ಮನೆಯ ನಿದ್ದೆ ಹಾರಿಹೋಗುತ್ತದೆ. ಅದು ಬರೀ ಕೊಬ್ಬಿನ ಗಂಟೋ, ಕ್ಯಾನ್ಸರೋ? ಸ್ಕ್ಯಾನಿಂಗ್ ಅನುಮಾನ ಹುಟ್ಟಿಸೀತೇ ಹೊರತು ಕೊನೆಯ ಮಾತು ಹೇಳುವುದಿಲ್ಲ. ಆ ಮಾತು ಹೇಳುವವರು ಪೆಥಾಲಜಿಸ್ಟ್. ಗಂಟಿನ ಒಂದು ಚೂರನ್ನು ತೆಗೆದು, ಕೂದಲೆಳೆಗಿಂತ ತೆಳ್ಳಗೆ ಸೀಳಿ, ಗಾಜಿನ ಸ್ಲೈಡಿನ ಮೇಲೆ ಅಂಟಿಸಿ, ಬಣ್ಣ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಇದೇ ಬಯಾಪ್ಸಿ ಪರೀಕ್ಷೆ. ತಾಯಿಯೊಬ್ಬಳ ಸ್ತನ ಉಳಿಯುವುದೋ ತೆಗೆಯುವುದೋ, ಹುಡುಗನೊಬ್ಬನ ಕಾಲು ಉಳಿಯುವುದೋ ಹೋಗುವುದೋ ಎಂಬುದು ಆ ಒಂದು ನೋಟದ ಮೇಲೆ ನಿಂತಿದೆ.

ಅಂಥ ನೋಟವುಳ್ಳ ವೈದ್ಯರು ಊರೂರಿಗೂ ಸಿಗುವುದಿಲ್ಲ. ಹಾಗಾದರೆ ಯಾರು ಯಾರ ಬಳಿಗೆ ಹೋಗಬೇಕು? ನೋವು ತಿನ್ನುತ್ತಿರುವ ರೋಗಿ ಬಸ್ಸು ಹತ್ತಿ ರಾಜಧಾನಿಗೆ ಬರಬೇಕೋ, ಅಥವಾ ರಾಜಧಾನಿಯ ಕಣ್ಣು ಅವನ ಊರಿಗೆ ಹೋಗಬೇಕೋ? ಇದು ಬರೀ ವೈದ್ಯಶಾಸ್ತ್ರದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಈ ಪ್ರಶ್ನೆಗೆ ನಾರ್ವೆ ದೇಶ ಮೂವತ್ತು ವರ್ಷಗಳಿಗೂ ಹಿಂದೆಯೇ ಉತ್ತರ ಕೊಟ್ಟಿದೆ. ಕೇಳಿ.

ನಾರ್ವೆಯ ಈಶಾನ್ಯ ತುದಿಯಲ್ಲಿ, ರಷ್ಯಾದ ಗಡಿಗೆ ಅಂಟಿಕೊಂಡಂತೆ ಕಿರ್ಕೆನೆಸ್ ಎಂಬ ಪುಟ್ಟ ಊರಿದೆ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಅಲ್ಲಿ ಸೂರ್ಯ ಮೇಲೇಳುವುದೇ ಇಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ಸರ್ಜನ್ ಇದ್ದರು, ಪೆಥಾಲಜಿಸ್ಟ್ ಇರಲಿಲ್ಲ. ಪೆಥಾಲಜಿಸ್ಟರು ಇದ್ದದ್ದು ಟ್ರೊಮ್ಸೊ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ, ನೇರ ಗೆರೆ ಎಳೆದರೂ 400 ಕಿಲೋಮೀಟರಿಗೂ ಆಚೆ! ರಸ್ತೆ ಹಿಡಿದರೆ ಇನ್ನೂ ಬಹಳ ದೂರ.

ಆಪರೇಷನ್ ನಡೆಯುತ್ತಿರುವಾಗಲೇ ಉತ್ತರ ಬೇಕಾಗುವ ಸಂದರ್ಭಗಳಿವೆ. ರೋಗಿ ಟೇಬಲ್ಲಿನ ಮೇಲೆ ಅರಿವಳಿಕೆಯಲ್ಲಿ ಮಲಗಿರುವಾಗ ತೆಗೆದ ಚೂರನ್ನು ತಕ್ಷಣ ಹೆಪ್ಪುಗಟ್ಟಿಸಿ, ಸೀಳಿ, ನೋಡಿ, ಕೆಲವೇ ನಿಮಿಷಗಳಲ್ಲಿ ಹೇಳಬೇಕು. ಇದಕ್ಕೆ ಫ್ರೋಜನ್ ಸೆಕ್ಷನ್ ಎನ್ನುತ್ತಾರೆ. ಸರ್ಜನ್ ಚಾಕು ಹಿಡಿದು ಕಾಯುತ್ತಿರುತ್ತಾರೆ. ಆ ಚೂರನ್ನು ವಿಮಾನದಲ್ಲಿ ಕಳಿಸಿ ಉತ್ತರ ತರಿಸಲಾದೀತೇ?

1990ರ ಸುಮಾರಿಗೆ ಟ್ರೊಮ್ಸೊದ ವೈದ್ಯರು ಆ ದೇಶದ ಟೆಲಿಫೋನ್ ಇಲಾಖೆಯ ಜೊತೆ ಕೈಜೋಡಿಸಿದರು. ಕಿರ್ಕೆನೆಸ್‌ನಲ್ಲಿ ಮೋಟಾರು ಜೋಡಿಸಿದ ಮೈಕ್ರೋಸ್ಕೋಪ್ ಇಟ್ಟರು, ಅದಕ್ಕೆ ವಿಡಿಯೋ ಕ್ಯಾಮೆರಾ ಕೂಡಿಸಿದರು. ಟ್ರೊಮ್ಸೊದಲ್ಲಿ ಕುಳಿತ ಪೆಥಾಲಜಿಸ್ಟ್ ಅಲ್ಲಿಂದಲೇ ಸ್ಲೈಡನ್ನು ಎಡಕ್ಕೆ ಬಲಕ್ಕೆ ಸರಿಸಿ, ಲೆನ್ಸ್ ಬದಲಿಸಿ, ಫೋಕಸ್ ಮಾಡಿ, ಪರದೆಯ ಮೇಲೆ ನೋಡಿ, ಸರ್ಜನ್ನರ ಜೊತೆ ಮಾತಾಡಿ ನಿರ್ಣಯ ಹೇಳಿದರು. ಇವಾರ್ ನಾರ್ಡ್ರಮ್ ಮತ್ತು ಸಂಗಡಿಗರು ಈ ಅನುಭವವನ್ನು 1991ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ದೇಶದ ತುತ್ತತುದಿಯ ಪ್ರಜೆಗೂ ರಾಜಧಾನಿಯ ಪ್ರಜೆಗೂ ಒಂದೇ ಬೆಲೆ ಎಂದು ಬಾಯಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದರು!

ಇದು ಮಾಟವಲ್ಲ, ಮಂತ್ರವಲ್ಲ. ಅಮೆರಿಕದ ವೈದ್ಯ ರೊನಾಲ್ಡ್ ವೈನ್‌ಸ್ಟೈನ್ 1986ರಲ್ಲೇ ಇದಕ್ಕೆ ಟೆಲಿಪೆಥಾಲಜಿ ಎಂದು ಹೆಸರಿಟ್ಟಿದ್ದರು. ಅದೇ ವರ್ಷ ಟೆಕ್ಸಾಸ್‌ನ ಎಲ್ ಪಾಸೊದಲ್ಲಿದ್ದ ಮೈಕ್ರೋಸ್ಕೋಪನ್ನು ವಾಷಿಂಗ್ಟನ್ನಿನಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸಿ ತೋರಿಸಲಾಗಿತ್ತು. ಆದರೆ ಪ್ರದರ್ಶನ ಬೇರೆ, ದಿನನಿತ್ಯದ ಸೇವೆ ಬೇರೆ. ಸೇವೆಗೆ ಬೇಕಾದದ್ದು ಯಂತ್ರಕ್ಕಿಂತ ಹೆಚ್ಚಾಗಿ ಮನಸ್ಸು.

‘ಫೋಟೋ ತೆಗೆದು ಕಳಿಸಿದರೆ ಸಾಲದೇ? ಇಷ್ಟೆಲ್ಲ ಮೋಟಾರು ಯಾಕೆ?’ ಎಂದು ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಮ್ಮ ಗಡಿಯ ಪಕ್ಕದ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯ ಕ್ಯಾನ್ಸರ್ ಆಸ್ಪತ್ರೆಯಿಂದ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಗೆ ಹೀಗೆ ಚಿತ್ರಗಳನ್ನು ಕಳಿಸಿ ಅಭಿಪ್ರಾಯ ಪಡೆದರು. ಆ ಅನುಭವದ ವರದಿ 2004ರಲ್ಲಿ ಬಂತು. ಏನೂ ಇಲ್ಲದ ಕಡೆ ಅದು ದೊಡ್ಡ ಹೆಜ್ಜೆಯೇ. ಆದರೆ ಒಂದು ಸೂಕ್ಷ್ಮ ಗಮನಿಸಿ. ಸ್ಲೈಡಿನ ಮೇಲೆ ಸಾವಿರಾರು ಜೀವಕೋಶಗಳಿರುತ್ತವೆ. ಯಾವ ಮೂಲೆಯ ಚಿತ್ರ ಕಳಿಸಬೇಕೆಂದು ತೀರ್ಮಾನಿಸುವವರು ಈಚೆ ದಡದಲ್ಲಿರುವವರು. ಅವರು ಆರಿಸಿದ್ದೇ ದೊಡ್ಡ ವೈದ್ಯರಿಗೆ ಕಾಣುವುದು. ಕೆಟ್ಟ ಕೋಶಗಳು ಇನ್ನೊಂದು ಮೂಲೆಯಲ್ಲಿ ಅಡಗಿದ್ದರೆ? ಎಂಥ ಪಂಡಿತನಾದರೂ ಕಾಣದ್ದನ್ನು ಹೇಳಲಾರ. ರಿಮೋಟಿನಿಂದ ನಡೆಯುವ ಮೈಕ್ರೋಸ್ಕೋಪಿನ ಹೆಚ್ಚುಗಾರಿಕೆ ಇಲ್ಲಿದೆ: ಎಲ್ಲಿ ನೋಡಬೇಕೆಂಬ ಅಧಿಕಾರ ನೋಡಬಲ್ಲವರ ಕೈಯಲ್ಲೇ ಇರುತ್ತದೆ.

ಈಗ ಇದಕ್ಕೂ ಮುಂದಿನ ಯಂತ್ರ ಬಂದಿದೆ. ಇಡೀ ಸ್ಲೈಡನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಎಲ್ಲಿ ಕುಳಿತಾದರೂ ಮೂಲೆಮೂಲೆ ನೋಡಬಹುದು. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇಂಥ ಒಂದು ಯಂತ್ರದಲ್ಲಿ ನೋಡಿ ರೋಗ ನಿರ್ಣಯಿಸಲು ಮೊದಲ ಬಾರಿಗೆ ಒಪ್ಪಿಗೆ ಕೊಟ್ಟಿತು. ಮೋಟಾರಿನ ಮೈಕ್ರೋಸ್ಕೋಪ್ ಹಳತಾಯಿತೆಂದೇ ಇಟ್ಟುಕೊಳ್ಳಿ, ಅದು ಕಲಿಸಿದ ಪಾಠ ಹಳತಾಗಿಲ್ಲ.

ಆ ಪಾಠದ ಇನ್ನೊಂದು ಮುಖವನ್ನು ನಮ್ಮ ಆಳುವವರು ಮರೆಯುತ್ತಾರೆ. 400 ಕಿಲೋಮೀಟರ್ ದೂರದಿಂದ ಮೈಕ್ರೋಸ್ಕೋಪ್ ತಿರುಗಿಸಬಹುದು. ಆದರೆ ಮಾಂಸದ ಚೂರನ್ನು ಸರಿಯಾದ ಜಾಗದಲ್ಲಿ ಕತ್ತರಿಸುವ, ಸುಕ್ಕಿಲ್ಲದಂತೆ ಸೀಳುವ, ಹದವಾಗಿ ಬಣ್ಣ ಕೊಡುವ ಕೈ ಆ ಊರಿನಲ್ಲೇ ಇರಬೇಕು! ಸ್ಲೈಡ್ ಕೆಟ್ಟರೆ ವಿಶ್ವದ ಶ್ರೇಷ್ಠ ಪೆಥಾಲಜಿಸ್ಟ್ ನೋಡಿದರೂ ಕಾಣುವುದು ಬಣ್ಣದ ಮಸಿ ಮಾತ್ರ. ಬುಡ ಕೊಳೆತ ಗಿಡದ ತುದಿಗೆ ನೀರು ಚಿಮುಕಿಸಿದರೆ ಹೂ ಬಿಟ್ಟೀತೇ? ಲಕ್ಷಾಂತರ ರೂಪಾಯಿಯ ಯಂತ್ರ ಕೊಂಡು, ಟೇಪು ಕತ್ತರಿಸಿ, ಫೋಟೋ ತೆಗೆಸಿಕೊಂಡು, ಲ್ಯಾಬ್ ಟೆಕ್ನಿಷಿಯನ್ ಹುದ್ದೆಯನ್ನು ಖಾಲಿ ಬಿಟ್ಟರೆ ಆ ಯಂತ್ರ ಧೂಳು ತಿನ್ನುತ್ತದೆ.

ಇನ್ನು ನಮ್ಮ ನಾಡಿನ ಮಾತು. ಬೀದರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಸುಮಾರು 700 ಕಿಲೋಮೀಟರ್. ಇಂದು ಅನೇಕ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜುಗಳಿವೆ, ಪೆಥಾಲಜಿಸ್ಟರೂ ಇದ್ದಾರೆ. ಆದರೂ ಮೂಳೆಯ ಗಡ್ಡೆ, ದುಗ್ಧಗ್ರಂಥಿಯ ಕ್ಯಾನ್ಸರ್, ಮಕ್ಕಳ ಗಡ್ಡೆ ಮುಂತಾದ ತೊಡಕಿನ ರೋಗಗಳಲ್ಲಿ ಆಯಾ ವಿಷಯದಲ್ಲೇ ಪಳಗಿದವರ ಎರಡನೆಯ ಅಭಿಪ್ರಾಯ ಬೇಕೇ ಬೇಕು. ಅದಕ್ಕಾಗಿ ರೋಗಿಯ ಮಗನೋ ಅಳಿಯನೋ ಸ್ಲೈಡುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕೂಲಿ ಬಿಟ್ಟು, ಸಾಲ ಮಾಡಿ ರಾತ್ರಿ ಬಸ್ಸು ಹತ್ತಬೇಕೇ?

ಆಗದ ಮಾತು ಎನ್ನಬೇಡಿ. ಇಸ್ರೋ ಇರುವುದು ನಮ್ಮ ನೆಲದಲ್ಲಿ. 2002ರಲ್ಲೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನು ಅದೇ ಇಸ್ರೋದ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. ಹೃದಯದ ಬಡಿತ ಅಷ್ಟು ದೂರ ಹೋಗಬಹುದಾದರೆ ಗಂಟಿನ ಚಿತ್ರ ಹೋಗಬಾರದೇ?

ನಮ್ಮ ಒತ್ತಾಯ ಇಷ್ಟೇ. ಮೊದಲು ಜಿಲ್ಲೆ ಮತ್ತು ದೊಡ್ಡ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆಕ್ನಿಷಿಯನ್ ಹುದ್ದೆ ತುಂಬಿ, ಅವರಿಗೆ ತರಬೇತಿ ಕೊಡಿ. ಆಮೇಲೆ ಯಂತ್ರ ತನ್ನಿ. ಯಂತ್ರ ಬಂತೆಂಬ ನೆಪದಲ್ಲಿ ಇರುವ ಪೆಥಾಲಜಿಸ್ಟ್ ಹುದ್ದೆಗೆ ಕತ್ತರಿ ಹಾಕಬೇಡಿ. ದೂರದಿಂದ ನೋಡಿ ಹೇಳುವ ವೈದ್ಯರ ಕೆಲಸವನ್ನೂ ಕೆಲಸವೆಂದು ಲೆಕ್ಕ ಹಿಡಿದು ಸಂಭಾವನೆ ಕೊಡಿ. ಯಾರ ಮಾತಿನ ಮೇಲೆ ಆಪರೇಷನ್ ನಡೆಯಿತೆಂಬ ಹೊಣೆ ಕಾಗದದ ಮೇಲೆ ಸ್ಪಷ್ಟವಾಗಿರಲಿ. ಸಂದೇಹವಿದ್ದಾಗ ‘ಪರದೆಯ ಮೇಲೆ ಹೇಳಲಾರೆ, ಪೂರ್ತಿ ಪರೀಕ್ಷೆಯಾಗಲಿ’ ಎನ್ನುವ ಸ್ವಾತಂತ್ರ್ಯ ಆ ವೈದ್ಯರಿಗಿರಲಿ.

ಕೊನೆಯದಾಗಿ ಒಂದು ಮಾತು. ಟ್ರೊಮ್ಸೊದ ವೈದ್ಯರೂ ಕಿರ್ಕೆನೆಸ್‌ನ ರೋಗಿಯೂ ಒಂದೇ ನಾಡಿನ ಜನ, ಆ ನಾಡಿನ ಭಾಷೆ ಅಲ್ಲಿನ ಆಸ್ಪತ್ರೆಯ ಭಾಷೆ. ನಮ್ಮಲ್ಲಿ? ರಿಪೋರ್ಟು ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಓದಿಸಲು ರೋಗಿಯ ಮನೆಯವರು ಔಷಧದ ಅಂಗಡಿಯಲ್ಲೋ ಶಾಲೆಯ ಮೇಷ್ಟರ ಬಾಗಿಲಲ್ಲೋ ನಿಲ್ಲಬೇಕು. ವೈದ್ಯರಿಗೆ ಬೇಕಾದ ಪಾರಿಭಾಷಿಕ ವಿವರ ಹೇಗಾದರೂ ಇರಲಿ, ಅದರ ಕೆಳಗೆ ರೋಗಿಗಾಗಿ ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಏನು ಕಷ್ಟ? ಇದು ಕ್ಯಾನ್ಸರ್ ಹೌದೋ ಅಲ್ಲವೋ, ಮುಂದೇನು ಮಾಡಬೇಕು, ಎಷ್ಟು ಬೇಗ ಮಾಡಬೇಕು, ಅಷ್ಟು ಸಾಕು. ಚಿತ್ರ 700 ಕಿಲೋಮೀಟರ್ ದಾಟಿ ಬಂದು, ಮಾತು ಮಾತ್ರ ರೋಗಿಯ ಕಿವಿಗೆ ಒಂದು ಗೇಣು ದೂರದಲ್ಲಿ ನಿಂತುಹೋದರೆ ಏನು ಪ್ರಯೋಜನ?

ಓದುಗರೇ, ನಿಮ್ಮ ಶಾಸಕರು ಮುಂದಿನ ಸಲ ಆಸ್ಪತ್ರೆಯ ಕಟ್ಟಡಕ್ಕೆ ಕಲ್ಲು ಹಾಕಲು ಬಂದಾಗ ಹಾರದ ಜೊತೆಗೆ ಒಂದು ಪ್ರಶ್ನೆಯನ್ನೂ ಕೊಡಿ: ‘ಸ್ವಾಮಿ, ಇಲ್ಲಿ ತೆಗೆದ ಬಯಾಪ್ಸಿಯನ್ನು ನೋಡುವ ಕಣ್ಣು ಎಲ್ಲಿದೆ? ಆ ಸ್ಲೈಡ್ ಮಾಡುವ ಕೈ ಎಲ್ಲಿದೆ?’ ಉತ್ತರ ಬರುವವರೆಗೂ ಕೇಳುತ್ತಲೇ ಇರಿ!