ಇಂಧನಕೋಶವೂ ನಮ್ಮ ನುಡಿಯೂ

ವಿಜ್ಞಾನವು ಇಂಗ್ಲಿಷಿನ ಸೊತ್ತೆಂಬ ಭಾವನೆ ನಮ್ಮ ಗಡಿಭಾಗದಲ್ಲಿ ಬಲವಾಗಿ ಬೇರೂರಿದೆ. ಗಡಹಿಂಗ್ಲಜದ ಕಡೆಯ ಮಕ್ಕಳು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಕೊಲ್ಲಾಪುರದ ಕಾಲೇಜು ಸೇರುವ ಹೊತ್ತಿಗೆ ಪಾರಿಭಾಷಿಕ ಶಬ್ದಗಳಿಗೆ ಅಂಜಿ ವಿಜ್ಞಾನವನ್ನೇ ಕೈಬಿಡುವುದುಂಟು. ಈ ಅಂಜಿಕೆಗೆ ಆಧಾರವಿಲ್ಲವೆಂಬುದು ನಮ್ಮ ಅಭಿಪ್ರಾಯ. ಪ್ರಯೋಗಾಲಯಗಳಲ್ಲಿ ಇಂದು ನಡೆದಿರುವ ಒಂದು ಕಠಿಣ ಸಂಶೋಧನೆಯನ್ನೇ ಎತ್ತಿಕೊಂಡು ಪರೀಕ್ಷಿಸೋಣ.

ಇಂಧನಕೋಶವೆಂದರೆ ಜಲಜನಕವನ್ನು ಸುಡದೆಯೇ ಅದರಿಂದ ವಿದ್ಯುತ್ತನ್ನು ಪಡೆಯುವ ಸಾಧನ. ಇದರ ತತ್ತ್ವವನ್ನು ಮೊದಲು ತೋರಿಸಿಕೊಟ್ಟವರಲ್ಲಿ ವಿಲಿಯಂ ಗ್ರೋವ್ ಒಬ್ಬರು. ಅದು ೧೮೩೯ರ ಮಾತು. ಇದರಲ್ಲಿ ಜಲಜನಕದ ಪರಮಾಣು ಪ್ರೋಟಾನು, ಎಲೆಕ್ಟ್ರಾನುಗಳಾಗಿ ಒಡೆಯುತ್ತದೆ. ನಡುವಿನ ತೆಳುವಾದ ಪೊರೆಯು ಪ್ರೋಟಾನನ್ನು ಮಾತ್ರ ದಾಟಗೊಡುತ್ತದೆ. ಎಲೆಕ್ಟ್ರಾನು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಹಾಗೆ ಸುತ್ತುವ ದಾರಿಯಲ್ಲಿ ದೀಪ ಉರಿಯುತ್ತದೆ, ಮೋಟಾರು ತಿರುಗುತ್ತದೆ. ಆಚೆ ಬದಿಯಲ್ಲಿ ಎರಡೂ ಆಮ್ಲಜನಕದೊಡನೆ ಕೂಡಿ ನೀರಾಗುತ್ತವೆ. ನಮ್ಮ ದೇಶದಲ್ಲೇ ನಿರ್ಮಿಸಿದ ಇಂಥ ಬಸ್ಸೊಂದನ್ನು ೨೦೨೨ರಲ್ಲಿ ಪುಣೆಯಲ್ಲಿ ಪ್ರದರ್ಶಿಸಲಾಯಿತು. ಜಲಜನಕವನ್ನು ಇನ್ನೂ ಹೆಚ್ಚಾಗಿ ನೈಸರ್ಗಿಕ ಅನಿಲದಿಂದಲೇ ತೆಗೆಯುತ್ತಾರೆಂಬ ಕೊರತೆಯನ್ನೂ ಮರೆಯಬಾರದು.

ದೊಡ್ಡ ಕಷ್ಟವೊಂದು ಪೊರೆಯಲ್ಲಿದೆ. ಹೆಚ್ಚು ಬಳಕೆಯಲ್ಲಿರುವ ನ್ಯಾಫಿಯಾನ್ ಎಂಬ ಫ್ಲೋರೀನ್‌ಯುಕ್ತ ಪಾಲಿಮರ್ ತುಟ್ಟಿ. ತೇವವಿದ್ದಾಗ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಉಷ್ಣತೆ ೧೦೦ ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದರೆ ಒಣಗಿ ಸೋಲುತ್ತದೆ. ಆದುದರಿಂದ ವಿಜ್ಞಾನಿಗಳು ಮಿಶ್ರ ಪೊರೆಗಳತ್ತ ತಿರುಗಿದ್ದಾರೆ. ಬಾಗುವ ಪಾಲಿಮರಿನೊಳಗೆ ಸಿಲಿಕದಂಥ ದ್ರವ್ಯವನ್ನು ಹೆಣೆದರೆ ಅದು ನೀರನ್ನು ಹಿಡಿದಿಡುತ್ತದೆ, ಪೊರೆಗೆ ಬಿಗಿ ಕೊಡುತ್ತದೆ. ಆಮ್ಲದ ಗುಂಪುಗಳನ್ನು ಹೆಚ್ಚಿಸಿದರೆ ಪ್ರೋಟಾನು ಸರಾಗವಾಗಿ ಸಾಗುತ್ತದೆ. ಆದರೆ ಪೊರೆ ನೀರು ಕುಡಿದು ಉಬ್ಬಿ ಬಲಗುಂದುತ್ತದೆ. ಸಿಲಿಕ ಅತಿಯಾದರೆ ಹಪ್ಪಳದಂತೆ ಮುರಿಯುತ್ತದೆ. ಈ ಹದವನ್ನು ಕಾಣುವುದೇ ವಿನ್ಯಾಸದ ತಿರುಳು.

ಇದು ದೂರದೇಶದ ವಿದ್ಯೆಯೆಂದು ತಿಳಿಯಬೇಡಿರಿ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಎಂ. ವೈ. ಕರಿದುರಗನವರ ಮತ್ತು ಸಂಗಡಿಗರು ಇಂಧನಕೋಶದ ಪೊರೆಗಳನ್ನು ತಯಾರಿಸುವ ವಿಧಾನಗಳನ್ನು ಒಳಗೊಂಡ ಸಮೀಕ್ಷೆಯೊಂದನ್ನು ೨೦೦೬ರಲ್ಲಿ ಪ್ರಕಟಿಸಿದರು. ಇನ್ನೂ ಹತ್ತಿರದ ಮಾತೊಂದಿದೆ. ಇಚಲಕರಂಜಿಯು ಮಗ್ಗಗಳ ಊರು. ಹಾಸಿನ ನೂಲಿಗೆ ಗಂಜಿ ಕೊಡುವಾಗ ಪಿಷ್ಟದ ಜೊತೆಗೆ ಪಾಲಿವಿನೈಲ್ ಆಲ್ಕೋಹಾಲ್ ಸೇರಿಸುವುದುಂಟು. ಅಗ್ಗದ ಮಿಶ್ರ ಪೊರೆಗಾಗಿ ಸಂಶೋಧಕರು ಆರಿಸಿಕೊಂಡಿರುವ ಪಾಲಿಮರುಗಳಲ್ಲಿ ಅದೂ ಒಂದು! ನೀರಿನಲ್ಲಿ ಕರಗುವ ಅದರ ಸರಪಳಿಗಳನ್ನು ಒಂದಕ್ಕೊಂದು ಬೆಸೆದು, ಆಮ್ಲದ ಗುಂಪುಗಳನ್ನು ಕೂಡಿಸಿ, ಪೊರೆಯಾಗಿಸುತ್ತಾರೆ. ನೇಕಾರರ ಮನೆಯ ಹುಡುಗನಿಗೆ ಈ ಪಾಠವನ್ನು ಗಂಜಿಯಿಂದ ಆರಂಭಿಸಿದರೆ ಅವನು ಹೆದರುವನೇ?

ಇಷ್ಟನ್ನೂ ಕನ್ನಡದಲ್ಲೇ ಹೇಳಿದ್ದಾಯಿತು. ಪ್ರೋಟಾನು, ಪಾಲಿಮರ್ ಮೊದಲಾದ ಶಬ್ದಗಳನ್ನು ಹೊರಗಿಡಬೇಕಾಗಿಲ್ಲ. ಅರ್ಥವು ತಾಯ್ನುಡಿಯಲ್ಲಿ ಮೂಡಿದ ಮೇಲೆ ಹೆಸರು ಯಾವ ಭಾಷೆಯದಾದರೇನು? ಇಂಗ್ಲಿಷು ಬೇಡವೆಂದೂ ನಾವು ಹೇಳುವುದಿಲ್ಲ. ಮುಂದಿನ ಓದಿಗೆ ಅದು ಬೇಕೇ ಬೇಕು. ಆದುದರಿಂದ ಎಂಟನೆಯ ತರಗತಿಯಿಂದಲೇ ವಿಜ್ಞಾನದ ಪ್ರತಿ ಪಾಠದೊಡನೆ ಕನ್ನಡ, ಇಂಗ್ಲಿಷ್ ಎರಡೂ ಶಬ್ದಗಳನ್ನು ಕಲಿಸಬೇಕು. ಈ ಕೆಲಸದಲ್ಲಿ ವಿಜ್ಞಾನ ಶಿಕ್ಷಕರೊಡನೆ ನಾವು ಭಾಷಾ ಶಿಕ್ಷಕರೂ ಕೈಗೂಡಿಸಬೇಕು.

ವಿದ್ಯಾರ್ಥಿ ಮಿತ್ರರೇ, ಗಟ್ಟಿಯಾದ, ಅಗ್ಗವಾದ, ಬಿಸಿಗೆ ಬಾಡದ ಪೊರೆಗಾಗಿ ಹುಡುಕಾಟ ಇನ್ನೂ ನಡೆದಿದೆ. ಶಬ್ದಕ್ಕೆ ಅಂಜಿ ಆ ಕೆಲಸವನ್ನು ಇತರರಿಗೆ ಬಿಟ್ಟುಕೊಡಬೇಡಿರಿ.