ಮೊಟ್ಟೆಯ ಹಿಂದಿನ ಪಂಜರ

ಗದಗ-ಬೆಟಗೇರಿಯಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗೆ ಯಾವ ಕಿರಾಣಿ ಅಂಗಡಿಗೆ ಹೋದರೂ ಮೂವತ್ತು ಮೊಟ್ಟೆಗಳ ಟ್ರೇಗಳು ಒಂದರ ಮೇಲೊಂದು ಪೇರಿಸಿಟ್ಟಿರುವುದನ್ನು ಕಾಣಬಹುದು. ಅದೇ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ, ತೂಕ, ಬೆಲೆ, ಪರವಾನಗಿ ಸಂಖ್ಯೆ, ಕೊನೆಗೆ ಸಸ್ಯಾಹಾರವೆಂದು ಸಾರುವ ಹಸಿರು ಚುಕ್ಕೆ ಎಲ್ಲವೂ ಇರುತ್ತದೆ. ಬಿಡಿಯಾಗಿ ಮಾರುವ ಮೊಟ್ಟೆಯ ಮೇಲೆ ಏನೂ ಇರುವುದಿಲ್ಲ. ಅದು ಯಾವ ಊರಿನದು, ಎಂದು ಇಟ್ಟದ್ದು, ಅದನ್ನಿಟ್ಟ ಕೋಳಿ ಎಂತಹ ಬದುಕು ಬಾಳಿತು ಎಂಬ ಯಾವ ಪ್ರಶ್ನೆಗೂ ಅಂಗಡಿಯವನಲ್ಲಿ ಉತ್ತರವಿಲ್ಲ. ಗ್ರಾಹಕನಿಗೆ ತಿಳಿದಿರುವುದು ಒಂದೇ ವ್ಯತ್ಯಾಸ: ಫಾರಂ ತತ್ತಿ ಮತ್ತು ಜವಾರಿ ತತ್ತಿ. ಈ ವ್ಯತ್ಯಾಸವೂ ನಿಂತಿರುವುದು ಅಂಗಡಿಯವನ ಬಾಯಿಮಾತಿನ ಮೇಲೆ ಮತ್ತು ಚಿಪ್ಪಿನ ಬಣ್ಣದ ಮೇಲೆ.

ಚಿಪ್ಪಿನ ಬಣ್ಣವೋ ತಳಿಯ ಗುಣ. ಕಂದು ಮೊಟ್ಟೆಯಿಡುವ ತಳಿಯನ್ನು ಪಂಜರದಲ್ಲಿ ಕೂಡಿಹಾಕಿದರೂ ಅದು ಕಂದು ಮೊಟ್ಟೆಯನ್ನೇ ಇಡುತ್ತದೆ. ಮುಂಡರಗಿ ತಾಲೂಕಿನಲ್ಲಿ ಕಪ್ಪತಗುಡ್ಡದ ಬುಡಕ್ಕಿರುವ ಡೋಣಿಯಂತಹ ಊರುಗಳಲ್ಲಿ ಹಿತ್ತಲು, ತಿಪ್ಪೆ, ಹೊಲದ ಬದುಗಳನ್ನು ಕೆದರಿ ಹೊಟ್ಟೆ ಹೊರೆಯುವ ನಾಲ್ಕಾರು ಕೋಳಿಗಳನ್ನು ಸಾಕಿ, ಆ ಮೊಟ್ಟೆ ಮಾರಿ ಸಂಸಾರದ ಸಣ್ಣಪುಟ್ಟ ಖರ್ಚು ನೀಗಿಸಿಕೊಳ್ಳುವ ಹೆಣ್ಣುಮಕ್ಕಳಿದ್ದಾರೆ. ಅವರ ಮೊಟ್ಟೆಯೂ, ಪಂಜರದಿಂದ ಬಂದ ಕಂದು ಮೊಟ್ಟೆಯೂ ಪೇಟೆಯಲ್ಲಿ ಒಂದೇ ಬುಟ್ಟಿಯಲ್ಲಿ ಒಂದೇ ಹೆಸರಿನಿಂದ ಮಾರಾಟವಾಗಬಹುದು. ಇಲ್ಲಿ ಮೋಸಹೋಗುವವನು ಗ್ರಾಹಕನೊಬ್ಬನೇ ಅಲ್ಲ.

ಆ ಪಂಜರವಾದರೂ ಎಂತಹದು? ಇಂದು ಪೇಟೆಗೆ ಬರುವ ಬಿಳಿ ಮೊಟ್ಟೆಗಳಲ್ಲಿ ಬಹುಪಾಲು ಬ್ಯಾಟರಿ ಕೇಜ್ ಎಂದು ಕರೆಯಲ್ಪಡುವ ತಂತಿಯ ಗೂಡುಗಳಿಂದ ಬಂದವು. ಮೊಟ್ಟೆ ತಾನಾಗಿಯೇ ಮುಂದಕ್ಕೆ ಉರುಳಿ ಬರಲೆಂದು ಅದರ ನೆಲವನ್ನು ಇಳಿಜಾರಾಗಿ ಮಾಡಿರುತ್ತಾರೆ. ಆ ತಂತಿಯ ಮೇಲೆಯೇ ಕೋಳಿ ಹಗಲಿರುಳೂ ನಿಲ್ಲಬೇಕು. ರೆಕ್ಕೆ ಬಿಚ್ಚಲು ಸ್ಥಳವಿಲ್ಲ, ಮಣ್ಣಿನಲ್ಲಿ ಹೊರಳುವಂತಿಲ್ಲ, ಮೊಟ್ಟೆಯಿಡಲು ಮರೆಯಿಲ್ಲ. ಮೊಟ್ಟೆಯ ಪ್ರಮಾಣ ಇಳಿದಾಗ ಕೆಲವು ದಿನ ಮೇವು ತಡೆಹಿಡಿದು, ಗರಿ ಉದುರಿಸಿ, ಮತ್ತೊಂದು ಸುತ್ತು ಮೊಟ್ಟೆ ಪಡೆಯುವ ಪದ್ಧತಿಯೂ ಈ ಉದ್ಯಮಕ್ಕೆ ಹೊಸತಲ್ಲ.

ಕಾನೂನು ಇಲ್ಲವೆಂದಲ್ಲ. ಯಾವುದೇ ಪ್ರಾಣಿಯನ್ನು ಅಲುಗಾಡಲು ಸಾಕಷ್ಟು ಅವಕಾಶವಿಲ್ಲದ ಪಂಜರದಲ್ಲಿ ಕೂಡಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. ಆದರೆ ಮೊದಲ ಬಾರಿಯ ಅಪರಾಧಕ್ಕೆ ಆ ಕಾಯ್ದೆ ವಿಧಿಸಿದ ದಂಡ 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿ ಮೀರದಂತೆ! ಸಾವಿರಾರು ಕೋಳಿಗಳ ಒಡೆಯನಿಗೆ ಇದು ಅರ್ಧ ಡಜನ್ ಮೊಟ್ಟೆಯ ಬೆಲೆ. 2017ರಲ್ಲಿ ಕೇಂದ್ರ ಕಾನೂನು ಆಯೋಗವು ತನ್ನ 269ನೇ ವರದಿಯಲ್ಲಿ ಈ ವಿಷಯವನ್ನೇ ಕೈಗೆತ್ತಿಕೊಂಡು, ಸಾಕಣೆ ಕೇಂದ್ರಗಳಿಗೆ ರಾಜ್ಯಗಳ ಪಶುಸಂಗೋಪನಾ ಇಲಾಖೆಗಳು ಪ್ರಮಾಣಪತ್ರ ನೀಡಬೇಕೆಂದೂ, ಪಂಜರದ ಮೊಟ್ಟೆ ಯಾವುದು, ಪಂಜರಮುಕ್ತ ಮೊಟ್ಟೆ ಯಾವುದೆಂದು ಬೇರ್ಪಡಿಸಬೇಕೆಂದೂ ಸಲಹೆಯಿತ್ತಿತು. 2019ರಲ್ಲಿ ಕರಡು ನಿಯಮಗಳು ಹೊರಬಂದವು, 2023ರಲ್ಲಿ ಅವು ನಿಯಮಗಳ ರೂಪ ಪಡೆದವು. ಅದರಂತೆ ಕೋಳಿಯೊಂದಕ್ಕೆ ದೊರೆಯಬೇಕಾದ ಕನಿಷ್ಠ ಜಾಗ 550 ಚದರ ಸೆಂಟಿಮೀಟರ್. ಕಚೇರಿಗಳಲ್ಲಿ ಅರ್ಜಿ ಬರೆಯುವ ಎ-ಫೋರ್ ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂಟಿಮೀಟರ್. ಅಂದರೆ ದೇಶವು ಕೋಳಿಗೆ ಕೊಡಮಾಡಿದ ದೊಡ್ಡ ಸವಲತ್ತು ಒಂದು ಹಾಳೆಗಿಂತ ಚಿಕ್ಕದು. ಅದೂ ಸಾಕುವವನಿಗೆ ಹೇಳಿದ್ದೇ ಹೊರತು ಮಾರುವವನಿಗಲ್ಲ.

ನಮ್ಮ ದೃಷ್ಟಿಯಲ್ಲಿ ಮೂಲಭೂತ ಲೋಪ ಇಲ್ಲಿಯೇ ಇದೆ. ಗದುಗಿನಲ್ಲಿ ಮಾರಾಟವಾಗುವ ಮೊಟ್ಟೆ ಹೊಸಪೇಟೆಯ ಕಡೆಯಿಂದ ಬಂದಿರಬಹುದು, ತಮಿಳುನಾಡಿನ ನಾಮಕ್ಕಲ್‌ನಿಂದಲೂ ಬಂದಿರಬಹುದು. ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಪ್ರಕಟಿಸುವ ಹೊಸಪೇಟೆಯ ದರವನ್ನು ನೋಡಿ ವ್ಯಾಪಾರಿಗಳು ಬೆಲೆ ಕಟ್ಟುತ್ತಾರೆ. ದರ ಮಾತ್ರ ದಿನಂಪ್ರತಿ ಊರೂರಿಗೆ ತಲುಪುತ್ತದೆ, ಕೋಳಿಯ ಸ್ಥಿತಿ ತಲುಪುವುದಿಲ್ಲ. ದೂರದ ಶೆಡ್ಡುಗಳನ್ನೆಲ್ಲ ನಮ್ಮ ಅಧಿಕಾರಿಗಳು ಹೋಗಿ ಅಳೆಯಲಾರರು, ಆದರೆ ಮಾರಾಟದ ಕಟ್ಟೆ ಅವರ ಕಣ್ಣೆದುರೇ ಇದೆ. ಯುರೋಪು ಒಕ್ಕೂಟ ಹಿಡಿದದ್ದು ಇದೇ ದಾರಿ. ಅಲ್ಲಿ 2004ರಿಂದ ಮೊಟ್ಟೆಯ ಚಿಪ್ಪಿನ ಮೇಲೆಯೇ ಅಂಕಿಯೊತ್ತುವುದು ಕಡ್ಡಾಯ. ಸಾವಯವಕ್ಕೆ ಸೊನ್ನೆ, ಬಯಲಲ್ಲಿ ಅಡ್ಡಾಡುವ ಕೋಳಿಯದಕ್ಕೆ 1, ಕೊಟ್ಟಿಗೆಯೊಳಗೆ ಬಿಡುಬೀಸಾಗಿರುವುದಕ್ಕೆ 2, ಪಂಜರಕ್ಕೆ 3. ಓದು ಬಾರದ ಮುದುಕಿಯೂ ಅರಿಯಬಲ್ಲ ವ್ಯವಸ್ಥೆ. ಹಳೆಯ ಬಗೆಯ ಬರಿಯ ಪಂಜರಗಳನ್ನು ಅಲ್ಲಿ ನಿಷೇಧಿಸಿದ್ದು ಅದಾಗಿ ಎಂಟು ವರ್ಷಗಳ ಬಳಿಕ, 2012ರಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, 2018ರ ಜನಮತದ ಮೂಲಕ, ಬೇರೆ ರಾಜ್ಯದಿಂದ ಬಂದರೂ ಸರಿಯೇ, ಪಂಜರದ ಕೋಳಿಯ ಮೊಟ್ಟೆಯ ಮಾರಾಟವನ್ನೇ ತಡೆಯಿತು. ಅದು 2022ರಲ್ಲಿ ಜಾರಿಗೆ ಬಂತು. ನಾವು ಅಷ್ಟು ದೂರ ಹೋಗಬೇಕೆಂದು ಇಂದು ಒತ್ತಾಯಿಸುತ್ತಿಲ್ಲ.

ಏಕೆಂದರೆ ನಮ್ಮ ನಾಡಿನಲ್ಲಿ ಮೊಟ್ಟೆ ಬಡವನ ಪೌಷ್ಟಿಕಾಂಶ. 2021ರ ಡಿಸೆಂಬರ್‌ನಲ್ಲಿ ನೆರೆಯ ಕೊಪ್ಪಳವೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡಲಾರಂಭಿಸಿದಾಗ ಎದ್ದ ಗದ್ದಲವನ್ನು ಮರೆಯಲಾದೀತೇ? ಅದು ಮುಂದೆ ಇಡೀ ರಾಜ್ಯಕ್ಕೆ ವಿಸ್ತರಿಸಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನಗಳಿಗೇರಿತು. ಆಗ ಮೊಟ್ಟೆಯೊಂದಕ್ಕೆ ಗೊತ್ತುಪಡಿಸಿದ ಹಣ 6 ರೂಪಾಯಿ. ಸಾಗಣೆ, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರಲ್ಲೇ ಆಗಬೇಕೆಂದು ಮುಖ್ಯೋಪಾಧ್ಯಾಯರು ಪಟ್ಟ ಪಾಡು ಅವರಿಗೇ ಗೊತ್ತು. ಮಕ್ಕಳ ತಟ್ಟೆಯಿಂದ ಮೊಟ್ಟೆ ಕಸಿಯಲು ಹೊಂಚು ಹಾಕುವವರಿಗೆ ಕೋಳಿಯ ಕ್ಷೇಮ ಒಂದು ಹೊಸ ನೆಪವಾಗಲು ನಾವು ಎಂದೂ ಸಮ್ಮತಿಸಲಾರೆವು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕಾಗಿದೆ. ಪ್ರಾಣಿದಯೆಯೆಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ಸಮುದಾಯ ಮುಖ ತಿರುಗಿಸುವುದುಂಟು. ಅದಕ್ಕೆ ಕಾರಣವಿಲ್ಲದಿಲ್ಲ. 2021ರಲ್ಲಿ ಜಾರಿಗೆ ಬಂದ ರಾಜ್ಯದ ಗೋಹತ್ಯೆ ತಡೆ ಕಾಯ್ದೆಯ ಚರ್ಚೆಯಲ್ಲಿ ದಯೆಯ ಮಾತು ಕೇಳಿಬಂದದ್ದು ಯಾರ ಹೊಟ್ಟೆಪಾಡಿನ ಮೇಲೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇತರರು ದಯೆಯನ್ನು ದೊಣ್ಣೆಯಾಗಿ ಬಳಸಿದರೆಂದು ನಾವು ನಮ್ಮದೇ ಪರಂಪರೆಯನ್ನು ತೊರೆಯಬೇಕೇ? ಕೋಳಿಯೊಂದನ್ನು ಕಟ್ಟಿಹಾಕಿ ಬಾಣದ ಗುರಿಯಾಗಿಸಿದ್ದ ತರುಣರನ್ನು ಕಂಡ ಇಬ್ನು ಉಮರ್(ರ), ಹಾಗೆ ಮಾಡುವವರನ್ನು ಪ್ರವಾದಿ(ಸ)ಯವರು ಶಪಿಸಿದ್ದಾರೆಂದು ಎಚ್ಚರಿಸಿದ ಘಟನೆ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ಬೆಕ್ಕನ್ನು ಕೂಡಿಹಾಕಿ, ಉಣ್ಣಿಸದೆಯೂ ಬಿಡದೆಯೂ ಕೊಂದ ಸ್ತ್ರೀಗೆ ಒದಗಿದ ಶಿಕ್ಷೆಯನ್ನು ಮದ್ರಸದ ಮಕ್ಕಳೂ ಬಲ್ಲರು. ಹೊಲಸನ್ನೇ ತಿಂದು ಬೆಳೆದ ಪ್ರಾಣಿಯನ್ನು ಫಿಕ್‌ಹ್ ಪಂಡಿತರು ಜಲ್ಲಾಲ ಎಂದು ಕರೆದು, ಅದನ್ನು ಕೆಲವು ದಿನ ಶುದ್ಧ ಮೇವಿನಲ್ಲಿಟ್ಟ ಬಳಿಕವೇ ಬಳಸಬೇಕೆಂದರು. ಕೋಳಿ ಏನು ತಿಂದಿತು, ಹೇಗೆ ಬಾಳಿತು ಎಂಬುದು ತಿನ್ನುವವನ ಪ್ರಶ್ನೆಯೆಂದು ಅವರು ಭಾವಿಸಿದ್ದರು. ಸತ್ತ ಮರಿಗಳ ಅವಶೇಷವನ್ನು ಮೇವಾಗಿ ಕೊಡಕೂಡದೆಂದು 2019ರ ಕರಡಿನಲ್ಲಿ ಬರೆಯಬೇಕಾಗಿ ಬಂದದ್ದು ಏಕೆಂದು ಆ ಪಂಡಿತರಿದ್ದರೆ ಖಂಡಿತ ಕೇಳುತ್ತಿದ್ದರು. ನಾವಾದರೋ ಕೋಳಿ ಅಂಗಡಿಯಲ್ಲಿ ಬಿಸ್ಮಿಲ್ಲಾ ಹೇಳಿದ್ದಾರೆಯೇ ಎಂದು ವಿಚಾರಿಸಿ ಕೈತೊಳೆದುಕೊಳ್ಳುತ್ತೇವೆ. ಹಲಾಲ್‌ನ ಜೊತೆಗೆ ಕುರ್‌ಆನ್ ತಯ್ಯಿಬ್ ಎಂಬ ಇನ್ನೊಂದು ಪದವನ್ನೂ ಇಟ್ಟಿದೆಯೆಂಬುದು ಖುತ್ಬಾಗಳಲ್ಲಿಯೂ ಅಪರೂಪಕ್ಕೆ ಕೇಳಿಬರುತ್ತದೆ.

ಸರಕಾರ ಮಾಡಬೇಕಾದ ಮೊದಲ ಕೆಲಸಕ್ಕೆ ಹೆಚ್ಚಿನ ವೆಚ್ಚವಿಲ್ಲ. ಪಂಜರದ್ದಾದರೆ ಪಂಜರದ್ದು ಎಂದು ಟ್ರೇಯ ಮೇಲೆ ಕನ್ನಡದಲ್ಲಿ ಬರೆಸುವುದು. ಮೊಟ್ಟೆ ದುಬಾರಿಯಾಗುತ್ತದೆಂದು ಉದ್ಯಮ ಬೊಬ್ಬೆ ಹಾಕಬಹುದು, ಆದರೆ ನಿಜ ಬರೆಯಲು ಬೇಕಾಗುವುದು ಶಾಯಿ ಮಾತ್ರ. ಪಂಜರದ ಕೋಳಿಯ ಮೊಟ್ಟೆಯನ್ನು ಜವಾರಿಯೆಂದು ಮಾರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರವೇ ಆಗಿರುವುದರಿಂದ ಅದಕ್ಕೆ ಹೊಸ ಕಾಯ್ದೆಯೂ ಬೇಡ. ಜಾಗದ ಅಳತೆ, ಪಂಜರ ತೆಗೆಯುವ ಗಡುವು ಮುಂತಾದವು ಹಂತಹಂತವಾಗಿ ಬರಲಿ. ಹಾಗೆ ಬರುವಾಗ ಏರುವ ಬೆಲೆಯನ್ನು ಶಾಲೆಯ ಮೊಟ್ಟೆಗೆ ಸರಕಾರವೇ ತುಂಬಿಕೊಡಲಿ. ಲಕ್ಷಾಂತರ ಮಕ್ಕಳಿಗೆ ಕೊಡುವ ಮೊಟ್ಟೆಯ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಿದರೆ ಹತ್ತು ಸುತ್ತೋಲೆಗಳಿಗಿಂತ ಹೆಚ್ಚಿನ ಪರಿಣಾಮವಾದೀತು.

ಹತ್ತಿಪ್ಪತ್ತು ಕೋಳಿ ಸಾಕುವ ಡೋಣಿಯ ಹೆಣ್ಣುಮಗಳಿಗೆ ಮಾತ್ರ ನೋಂದಣಿ, ಶುಲ್ಕ, ತಪಾಸಣೆಯ ಕಾಟ ತಟ್ಟದಂತೆ ನಿಯಮದಲ್ಲಿಯೇ ವಿನಾಯಿತಿ ಬರೆಯಬೇಕು. ಇಲ್ಲವಾದರೆ ಪ್ರಮಾಣಪತ್ರ ಕೊಳ್ಳಬಲ್ಲ ದೊಡ್ಡ ಕಂಪೆನಿಗಳು ‘ಬಯಲ ಕೋಳಿ’ಯ ಹೆಸರಿನಲ್ಲಿ ಅವಳ ಪೇಟೆಯನ್ನೇ ನುಂಗಿಯಾವು. ಅಲ್ಲಿಯವರೆಗೆ ನಮ್ಮ ಪಟ್ಟಣಗಳ ಕೋಳಿ ಮತ್ತು ಮೊಟ್ಟೆ ವ್ಯಾಪಾರಿಗಳು, ಅವರಲ್ಲಿ ಈ ಪತ್ರಿಕೆಯ ಓದುಗರೂ ಕೆಲವರಿದ್ದಾರೆ, ಕಾನೂನಿಗಾಗಿ ಕಾಯಬೇಕಿಲ್ಲ. ಜವಾರಿ ಬುಟ್ಟಿಯನ್ನು ಬೇರೆಯಿಟ್ಟು, ಅದು ಯಾವ ಊರಿನದೆಂದು ಒಂದು ರಟ್ಟಿನ ಮೇಲೆ ಬರೆದು ತೂಗುಹಾಕುವುದನ್ನು ಮುಂದಿನ ಸಂತೆಯಿಂದಲೇ ಆರಂಭಿಸಬಹುದು.