ಐವತ್ತನೆಯ ಕ್ಲಾಸಿನ ಲೆಕ್ಕ

ಚೆನ್ನೈನ ಟಿ. ನಗರದಲ್ಲಿ ಪಿಲಾಟಿಸ್ ಕಲಿಯಲು ಹೊರಟವರು ಮೊದಲು ಕೇಳುವುದು ಯಾವ ಸ್ಟುಡಿಯೊ ಚೆನ್ನಾಗಿದೆ ಎಂದು. ಉತ್ತರ ಹುಡುಕುವ ಬಗೆಯೂ ಹೆಚ್ಚುಕಡಿಮೆ ಒಂದೇ: ಫೋಟೊ ನೋಡುವುದು, ಎಷ್ಟು ಮಷೀನುಗಳಿವೆ ಎಂದು ಎಣಿಸುವುದು, ಒಂದು ಟ್ರಯಲ್ ಕ್ಲಾಸಿಗೆ ಹೋಗಿ ಬಂದು ಮೈ ಹಗುರಾಯಿತೆನ್ನಿಸಿದರೆ ಮೂರೋ ಆರೋ ತಿಂಗಳ ಫೀಸು ಕಟ್ಟಿಬಿಡುವುದು. ಮೊದಲ ದಿನದ ಉಮೇದಿನಲ್ಲಿ ಮಾಡಿದ ಈ ಆಯ್ಕೆ ಹೆಚ್ಚು ದಿನ ಬಾಳುವುದಿಲ್ಲ. ನಿಯಮಿತವಾಗಿ ಅಭ್ಯಾಸ ಮಾಡಬೇಕೆನ್ನುವವರು ಐವತ್ತನೆಯ ಕ್ಲಾಸನ್ನು ಎದುರಿಗಿಟ್ಟುಕೊಂಡು ಆರಿಸಬೇಕು ಎಂಬುದು ನನ್ನ ವಾದ. ಆ ದಿನವೂ ಅಲ್ಲಿಗೆ ಹೋಗಲು ಆಗುತ್ತದೆಯೇ, ಹೋದಾಗ ನಮ್ಮ ಬೆನ್ನು, ಮಂಡಿ, ಭುಜಗಳ ಕಥೆ ತಿಳಿದವರು ಅಲ್ಲಿ ಒಬ್ಬರಾದರೂ ಇರುತ್ತಾರೆಯೇ ಎಂಬುದು ಮಷೀನುಗಳ ಲೆಕ್ಕಕ್ಕಿಂತ ಮುಖ್ಯ.

ಬೋರ್ಡಿನ ಮೇಲಿರುವ ಹೆಸರನ್ನು ನಂಬಿಕೊಂಡು ಆರಿಸಲು ಬರುವುದಿಲ್ಲ. 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಜೋಸೆಫ್ ಪಿಲಾಟಿಸ್ ತನ್ನ ಪದ್ಧತಿಯನ್ನು ಕರೆದದ್ದು ‘ಕಾಂಟ್ರಾಲಜಿ’ ಎಂದು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಶತ್ರುದೇಶದವನೆಂದು ಅವನನ್ನು ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಇಟ್ಟಿದ್ದರು; 1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಎಂಟನೆಯ ಅವೆನ್ಯೂದಲ್ಲಿ ನೃತ್ಯಗಾರರ ನಡುವೆ ಶಾಲೆ ನಡೆಸಿ, 1967ರಲ್ಲಿ ತೀರಿಕೊಂಡ. ಅವನ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯ ಮುಂದೆ ಕೋರ್ಟಿಗೆ ಹೋಯಿತು. ಯೋಗ, ಕರಾಟೆ ಎಂದಂತೆ ಪಿಲಾಟಿಸ್ ಎಂಬುದೂ ಒಂದು ವ್ಯಾಯಾಮದ ಹೆಸರು, ಅದು ಯಾರ ಟ್ರೇಡ್‌ಮಾರ್ಕೂ ಅಲ್ಲ ಎಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 2000ನೇ ಇಸವಿಯಲ್ಲಿ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ಕಲಿತವರೂ ವಾರಾಂತ್ಯದ ಕೋರ್ಸು ಮುಗಿಸಿದವರೂ ಒಂದೇ ಬೋರ್ಡು ಹಾಕಿಕೊಳ್ಳಬಹುದು. ಪದ್ಧತಿಗೇ ಏನಾದರೂ ವಿಶೇಷ ಶಕ್ತಿಯಿದೆಯೇ ಎಂದರೆ, ಸೊಂಟನೋವಿನ ಬಗ್ಗೆ 2015ರಲ್ಲಿ ಪ್ರಕಟವಾದ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ 10 ಪ್ರಯೋಗಗಳ 510 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಏನೂ ಮಾಡದೆ ಇರುವುದಕ್ಕಿಂತ, ಅಥವಾ ತೀರಾ ಅಲ್ಪ ಚಿಕಿತ್ಸೆಗಿಂತ ಪಿಲಾಟಿಸ್ ಮೇಲು. ಆದರೆ ಬೇರೆ ವ್ಯಾಯಾಮಗಳಿಗಿಂತ ಮೇಲು ಎನ್ನಲು ಗಟ್ಟಿ ಆಧಾರವಿಲ್ಲ ಎಂಬುದು ಅದರ ಸಾರ. ಪಿಲಾಟಿಸ್ ಇಷ್ಟಪಡುವವರಿಗೆ ಇದು ನಿರಾಸೆಯ ಮಾತಾಗಬೇಕಿಲ್ಲ. ವ್ಯಾಯಾಮ ವ್ಯಾಯಾಮಗಳ ನಡುವೆ ಅಂತರ ಇಷ್ಟು ಕಡಿಮೆ ಇರುವಾಗ, ನಿಜವಾದ ಅಂತರ ಬರುವುದು ಮಾಡುತ್ತಾ ಹೋದವರಿಗೂ ನಡುವೆ ಬಿಟ್ಟವರಿಗೂ ಮಧ್ಯೆ. ಬಿಡದಂತೆ ನೋಡಿಕೊಳ್ಳುವ ಸ್ಟುಡಿಯೊವೇ ಒಳ್ಳೆಯ ಸ್ಟುಡಿಯೊ.

ಬಿಡುವುದಕ್ಕೆ ಸೋಮಾರಿತನವೇ ಕಾರಣ ಎಂದು ನಮ್ಮನ್ನು ನಾವೇ ಬೈದುಕೊಳ್ಳುವುದುಂಟು. ಡೆಲ್ಲಾವಿನ್ಯಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ವ್ಯಾಯಾಮಶಾಲೆಗಳ 7,752 ಸದಸ್ಯರ ಹಾಜರಿ ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸುತ್ತದೆ. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿದವರು ಸರಾಸರಿ ನಾಲ್ಕು ಬಾರಿಗಿಂತ ತುಸು ಹೆಚ್ಚು ಬಂದಿದ್ದರು, ಅಷ್ಟೆ. ಒಂದು ಸಲಕ್ಕೆ 17 ಡಾಲರ್ ಬಿದ್ದಂತಾಯಿತು. ಹತ್ತು ಸಲದ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಿತ್ತು. ಅವರು ದುಡ್ಡು ಕಟ್ಟಿದ್ದು ಮುಂದೆ ತಾವು ಹೀಗಾಗುತ್ತೇವೆ ಎಂದುಕೊಂಡ ಮನುಷ್ಯನ ಹೆಸರಿನಲ್ಲಿ. ಟಿ. ನಗರದಲ್ಲಿ ಈ ತಪ್ಪು ಇನ್ನೂ ಸುಲಭ, ಏಕೆಂದರೆ ಇಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆದು ಉಪಯೋಗವಿಲ್ಲ. 1920ರ ದಶಕದಲ್ಲಿ ಪನಗಲ್ ಪಾರ್ಕಿನ ಸುತ್ತ ವಾಸಕ್ಕೆಂದು ಕಟ್ಟಿದ ಬಡಾವಣೆ ಇದು. ಈಗ ಇಡೀ ಚೆನ್ನೈ ಸೀರೆಗೆ, ಚಿನ್ನಕ್ಕೆ ಬರುವ ಪೇಟೆ. ಮಾಂಬಲಂ ಸ್ಟೇಷನ್ನಿನಿಂದ ಬಸ್ ನಿಲ್ದಾಣಕ್ಕೆ ಹೋಗುವವರು ರಂಗನಾಥನ್ ಬೀದಿಯ ನೂಕುನುಗ್ಗಲಿನಿಂದ ಪಾರಾಗಲೆಂದೇ 2023ರಲ್ಲಿ ಆಕಾಶದಾರಿ (ಸ್ಕೈವಾಕ್) ತೆರೆಯಬೇಕಾಯಿತು. ಹಬೀಬುಲ್ಲಾ ರಸ್ತೆಯ ಆಸುಪಾಸಿನವರಿಗೆ ಉಸ್ಮಾನ್ ರಸ್ತೆಯ ಆಚೆ ಬದಿ ಬೆಳಗಿನ ಆರೂವರೆಗೆ ಪಕ್ಕದ ಮನೆಯಿದ್ದಂತೆ. ದೀಪಾವಳಿಯ ಹಿಂದಿನ ವಾರ ಸಂಜೆ ಏಳಕ್ಕೆ ಅದೇ ಜಾಗ ಪರವೂರು. ಹಳೆ ಮೈಸೂರಿನಲ್ಲಿ ಗರಡಿಮನೆಗಳು ಕೇರಿ ಕೇರಿಗೆ ಇದ್ದದ್ದರಲ್ಲಿ ದೊಡ್ಡ ಅರ್ಥವಿದೆ. ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರವಿದ್ದರೆ ಸಾಮು ಮಾಡಲು ದಿನವೂ ಮನಸ್ಸನ್ನು ಒಲಿಸಿಕೊಳ್ಳಬೇಕಾಗಿರಲಿಲ್ಲ.

ಹತ್ತಿರವಿದ್ದರೆ ಸಾಕೇ? ಸಾಲದು. ಪಾಠ ನಮ್ಮ ಮೈಗೆ ತಕ್ಕಂತೆಯೂ ಇರಬೇಕು. ಅದಕ್ಕೆ ಇದೇ ಊರಿನಲ್ಲಿ ಬದುಕಿದ ಕನ್ನಡ ನಾಡಿನವರೊಬ್ಬರ ಬಾಳೇ ಸಾಕ್ಷಿ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದವರು. 1934ರಲ್ಲಿ ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಬಂತು. ಮೈಸೂರಿನಲ್ಲಿ ಅವರ ಮುಂದೆ ಇದ್ದದ್ದು ಹುಡುಗರ ಗುಂಪು, ಕಲಿಸಿದ್ದು ಬಿರುಸಿನ ಆಸನಗಳು. 1950ರಲ್ಲಿ ಶಾಲೆ ಮುಚ್ಚಿತು, ಕೆಲಕಾಲದ ಮೇಲೆ ಅವರು ಮದ್ರಾಸಿಗೆ ಬಂದರು. ಇಲ್ಲಿ ಎದುರಿಗೆ ಕುಳಿತವರು ವಯಸ್ಸಾದವರು, ಕಾಯಿಲೆಯವರು, ಸಂಸಾರಸ್ಥರು. ಆಚಾರ್ಯರು ಕಲಿಸುವ ಕ್ರಮವನ್ನೇ ಬದಲಿಸಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಆಯಾ ಮೈಗೆ ತಕ್ಕಂತೆ ಆಸನವನ್ನು ಹೊಂದಿಸಿದರು. ಅವರ ಮಗ ದೇಶಿಕಾಚಾರ್ 1976ರಲ್ಲಿ ಚೆನ್ನೈನಲ್ಲಿ ಕಟ್ಟಿದ ಕೃಷ್ಣಮಾಚಾರ್ಯ ಯೋಗ ಮಂದಿರಂ ಈ ಕ್ರಮವನ್ನೇ ಬೆಳೆಸಿತು. ವಿದ್ಯೆ ಅದೇ, ಗುರುವೂ ಅವರೇ. ಎದುರಿಗಿದ್ದ ಮೈಗಳು ಬೇರೆಯಾದದ್ದರಿಂದ ಪಾಠವೂ ಬೇರೆಯಾಯಿತು.

ಪಿಲಾಟಿಸ್ ಮಷೀನಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ರಿಫಾರ್ಮರ್ ಎಂಬ ಜಾರುಮಂಚ ಸ್ಪ್ರಿಂಗುಗಳ ಎಳೆತದಿಂದ ನಡೆಯುತ್ತದೆ. ಸ್ಪ್ರಿಂಗ್ ಕಡಿಮೆ ಮಾಡಿದರೆ ಎಲ್ಲವೂ ಸುಲಭವಾಗುತ್ತದೆಂದು ಹೊಸಬರು ತಿಳಿಯುತ್ತಾರೆ. ಕಾಲಿನಿಂದ ದೂಡುವ ವ್ಯಾಯಾಮದಲ್ಲಿ ಅದು ನಿಜ. ಆದರೆ ಹಲವು ವ್ಯಾಯಾಮಗಳಲ್ಲಿ ಸ್ಪ್ರಿಂಗ್ ಹಗುರಾದಷ್ಟೂ ಆಸರೆ ತಪ್ಪಿ, ಮೈಯನ್ನು ನೆಟ್ಟಗೆ ಹಿಡಿದಿಡುವ ಭಾರವೆಲ್ಲ ಹೊಟ್ಟೆ ಬೆನ್ನುಗಳ ಮೇಲೆ ಬೀಳುತ್ತದೆ. ಯಾರಿಗೆ ಯಾವಾಗ ಎಷ್ಟು ಎಂಬುದನ್ನು ಕಣ್ಣಿಟ್ಟು ನೋಡುವವರೇ ಹೇಳಬೇಕು. ಮೂಳೆ ಸವೆದವರಿಗೆ ಬೆನ್ನು ಬಾಗಿಸಿ ಉರುಳುವ ವ್ಯಾಯಾಮಗಳು ಅಪಾಯ. ಅವು ಜೋಸೆಫನ 34 ಚಾಪೆ ವ್ಯಾಯಾಮಗಳಲ್ಲಿ ಸಾಕಷ್ಟಿವೆ. ಸೇರುವ ಮುಂಚೆ ಮೂಳೆ, ಡಿಸ್ಕ್, ಬಿ.ಪಿ., ಹೆರಿಗೆಗಳ ಬಗ್ಗೆ ಒಂದು ಮಾತೂ ಕೇಳದ ಸ್ಟುಡಿಯೊದಲ್ಲಿ ಹತ್ತು ರಿಫಾರ್ಮರ್ ಇದ್ದರೂ ನಾನು ಅದನ್ನು ಒಳ್ಳೆಯದೆನ್ನಲಾರೆ.

ಹೀಗೆ ಒಬ್ಬೊಬ್ಬರನ್ನೇ ಗಮನಿಸುವ ಪಾಠ ಹಣವಂತರಿಗೆ ಮಾತ್ರ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದು. ಆದರೆ ಗಮನಕ್ಕೆ ಏಕಾಂತವೇ ಬೇಕೆಂದಿಲ್ಲ. ಐದಾರು ಜನರ ಚಾಪೆ ಬ್ಯಾಚಿನಲ್ಲಿ ಟೀಚರ್ ತಾವೇ ಮುಂದೆ ಮಲಗಿ ಮಾಡಿ ತೋರಿಸುತ್ತಾ ಗಂಟೆ ಕಳೆಯದೆ, ಎದ್ದು ಸಾಲಿನ ನಡುವೆ ಓಡಾಡಿದರೆ ಬಹಳಷ್ಟು ಸಿಕ್ಕಂತೆ. ದುಬಾರಿ ಮಷೀನ್ ಬ್ಯಾಚಿನಲ್ಲಿ ಇದು ಸಿಗದೆಯೂ ಹೋಗಬಹುದು. ಮನೆಯಲ್ಲೇ ಯೋಗ ಮಾಡಿಕೊಳ್ಳಬಹುದಲ್ಲ ಎನ್ನುವವರ ಮಾತನ್ನೂ ತಳ್ಳಿಹಾಕಲಾರೆ; ಹಾಗೆ ಬಿಡದೆ ಮಾಡಬಲ್ಲವರಿಗೆ ಸ್ಟುಡಿಯೊ ಬೇಕಿಲ್ಲ. ಗೋಡೆಯ ಸರ್ಟಿಫಿಕೇಟು ಎಲ್ಲಿ, ಎಷ್ಟು ಗಂಟೆ ಕಲಿತರೆಂದು ತಿಳಿಸುತ್ತದೆ, ಅದನ್ನು ಕೇಳಿ ನೋಡಲು ಸಂಕೋಚ ಬೇಡ. ನಮ್ಮ ಎಡಭುಜ ಮೇಲೇರುವುದನ್ನು ಅವರು ಗಮನಿಸುವರೇ ಎಂಬುದಕ್ಕೆ ಮಾತ್ರ ಅದರಲ್ಲಿ ಉತ್ತರವಿಲ್ಲ. ಅದಕ್ಕಾಗಿ ಟ್ರಯಲ್ ಕ್ಲಾಸನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳದೆ, ಮುಂದೆ ದಿನವೂ ಹೋಗಬೇಕಾದ ಹೊತ್ತಿಗೇ, ಹೋಗಬೇಕಾದ ದಾರಿಯಲ್ಲೇ ಹೋಗಬೇಕು. ಆರು ತಿಂಗಳ ರಿಯಾಯಿತಿ ಬಿಟ್ಟು ಹತ್ತು ಕ್ಲಾಸಿನ ಫೀಸಷ್ಟೇ ಕಟ್ಟಬೇಕು. ಒಂದು ವಾರ ಬಿಟ್ಟು ಮತ್ತೆ ಹೋದಾಗ, ಮಂಡಿ ಈಗ ಹೇಗಿದೆ ಎಂದು ಟೀಚರ್ ತಾವಾಗಿಯೇ ಕೇಳಿದರೆ, ಉಳಿದ ದುಡ್ಡನ್ನು ಆಗ ಕಟ್ಟಬಹುದು.